ಗುಲ್ಮಾರ್ಗ್‌ನ ಕಲ್ಲು, ಬಳ್ಳಾರಿಯ ಬಿಸಿಲು: ಸ್ನೋಬೋರ್ಡ್ ಮನೆಯಲ್ಲೇ ರಿಪೇರಿ ಆಗುತ್ತಾ?

ಪ್ರಶ್ನೆ: ನಮ್ಮೂರು ಬಳ್ಳಾರಿ, ಕೆಲಸ ತೋರಣಗಲ್ಲಿನಲ್ಲಿ. ಜನವರಿಯಲ್ಲಿ ಗುಲ್ಮಾರ್ಗ್‌ಗೆ ಹೋದಾಗ ಒಬ್ಬ ಪ್ರವಾಸಿಯ ಹತ್ತಿರ ಹಳೇ ಸ್ನೋಬೋರ್ಡ್ (ಹಿಮದ ಮೇಲೆ ನಿಂತು ಜಾರುವ ಹಲಗೆ) ಕೊಂಡೆ. ಮಾರನೇ ದಿನವೇ ಹಿಮದ ಕೆಳಗಿದ್ದ ಕಲ್ಲಿಗೆ ಬಡಿಯಿತು. ಅಡಿಯಲ್ಲಿ, ಸ್ಟೀಲ್ ಅಂಚಿಗೆ ತಾಗಿದಂತೆ, ಹೆಬ್ಬೆರಳಿನಷ್ಟು ಜಾಗ ಕಿತ್ತುಹೋಗಿದೆ. ಒಳಗೆ ಬಿಳಿ ಬಟ್ಟೆಯ ಎಳೆ ಥರ ಏನೋ ಕಾಣುತ್ತೆ. ಊರಿಗೆ ತಂದು ಶೀಟ್ ಮನೆಯ ಅಟ್ಟದ ಮೇಲೆ ಇಟ್ಟಿದ್ದೆ. ಮೇ ತಿಂಗಳಲ್ಲಿ ಇಳಿಸಿ ನೋಡಿದರೆ ಮೂತಿಯ ಹತ್ತಿರ ಮೇಲಿನ ಪದರ ಬಿಟ್ಟುಕೊಂಡಿದೆ, ಅಂಚಿಗೆಲ್ಲ ತುಕ್ಕು. ಮೂತಿಗೆ ಫೆವಿಕ್ವಿಕ್ ಹಾಕಿದೆ, ನಿಲ್ಲಲಿಲ್ಲ. ವರ್ಕ್‌ಶಾಪ್ ಇಟ್ಟಿರುವ ಗೆಳೆಯ, ಅಂಚು ಎದ್ದಿರುವ ಕಡೆ ವೆಲ್ಡಿಂಗ್ ಮಾಡಿ ಗ್ರೈಂಡ್ ಹೊಡೆದುಕೊಡ್ತೀನಿ ಅಂತಾನೆ. ಇದನ್ನು ಮನೆಯಲ್ಲೇ ಸರಿ ಮಾಡಬಹುದಾ? ಬಳ್ಳಾರಿಯಲ್ಲಿ ಸಿಗುವ ಸಾಮಾನು ಸಾಕಾ? ಅಥವಾ ಗುಜರಿಗೆ ಹಾಕಲಾ?

ಉತ್ತರ: ಮೊದಲು ಗೆಳೆಯರಿಗೆ ಫೋನ್ ಮಾಡಿ, ವೆಲ್ಡಿಂಗ್ ಬೇಡ ಅಂತ ಹೇಳಿಬಿಡಿ. ಗ್ರೈಂಡರ್ ಕೂಡ ಬೇಡ. ಕಾರಣ ಮುಂದೆ ಹೇಳುತ್ತೇನೆ. ಅವೆರಡೂ ಆಗದಿದ್ದರೆ ನಿಮ್ಮ ಬೋರ್ಡ್ ಗುಜರಿಗೆ ಹೋಗುವ ಸ್ಥಿತಿಯಲ್ಲೇನೂ ಇಲ್ಲ. ಮನೆಯ ಪಡಸಾಲೆಯಲ್ಲೇ ಕೂತು ಮಾಡುವಂಥ ಕೆಲಸ ಇದು. ಒಂದೆರಡು ಸಾಮಾನು ಮಾತ್ರ ಹೊರಗಿಂದ ತರಿಸಬೇಕು.

ನಿಮ್ಮ ಪತ್ರ ಓದಿದರೆ ನಿಮಗೆ ಅಡಿಯ ಗುಂಡಿಯದ್ದೇ ಚಿಂತೆ ಅಂತ ಕಾಣುತ್ತೆ. ನನಗೆ ಮೂತಿಯದ್ದು ಚಿಂತೆ. ಗುಂಡಿ ಎಷ್ಟಿದೆಯೋ ಅಷ್ಟೇ ಇರುತ್ತದೆ, ತಾನಾಗಿ ಬೆಳೆಯುವುದಿಲ್ಲ. ಪದರ ಬಿಟ್ಟದ್ದು ಮಾತ್ರ ಪ್ರತಿ ಬಿಸಿಲಿಗೂ, ಪ್ರತಿ ಬಾಗಿಗೂ ಇನ್ನಷ್ಟು ಬಿಡುತ್ತಾ ಹೋಗುತ್ತದೆ. ಅದಕ್ಕೇ ಕೆಲಸದ ಸರದಿ ಹೀಗೆ ಇರಲಿ: ಮೊದಲು ಒಣಗಿಸುವುದು, ಆಮೇಲೆ ಮೂತಿ ಅಂಟಿಸುವುದು, ಆಮೇಲೆ ಅಡಿಯ ಗುಂಡಿ, ಅಂಚು ಎಲ್ಲಕ್ಕಿಂತ ಕೊನೆಗೆ.

ಬೋರ್ಡ್ ಒಳಗೆ ಏನಿದೆ ಅಂತ ಸ್ವಲ್ಪ ತಿಳಿದಿದ್ದರೆ ಮುಂದಿನ ಮಾತು ಸುಲಭ. ನಡುವೆ ಮರ ಇರುತ್ತದೆ. ಹೆಚ್ಚಾಗಿ ಪಾಪ್ಲರ್, ಪೌಲೋನಿಯಾದಂಥ ಹಗುರ ಮರದ ಪಟ್ಟಿಗಳು. ಅದರ ಮೇಲೆ ಕೆಳಗೆ ಫೈಬರ್‌ಗ್ಲಾಸ್ ಬಟ್ಟೆ, ಎಪಾಕ್ಸಿ ಅನ್ನುವ ಗಟ್ಟಿ ಅಂಟಿನಲ್ಲಿ ಅದ್ದಿ ಒತ್ತಿದ್ದು. ನೀವು ಗುಂಡಿಯೊಳಗೆ ನೋಡಿದ ಬಿಳಿ ಎಳೆ ಅದೇ. ಮೇಲ್ಗಡೆ ಚಿತ್ರ ಇರುವ ತೆಳು ಹಾಳೆ ಟಾಪ್‌ಶೀಟ್. ಪಕ್ಕದಲ್ಲಿ ಸೈಡ್‌ವಾಲ್, ಸಾಮಾನ್ಯವಾಗಿ ಎಬಿಎಸ್ ಪ್ಲಾಸ್ಟಿಕ್. ಅಡಿಯಲ್ಲಿ ಬೇಸ್. ಅದು ಪಾಲಿಎಥಿಲೀನ್ ಜಾತಿಯ ಪ್ಲಾಸ್ಟಿಕ್, ದಪ್ಪ ಒಂದರಿಂದ ಒಂದೂವರೆ ಮಿಲಿಮೀಟರ್ ಅಷ್ಟೇ. ಅದರ ಸುತ್ತ ಸ್ಟೀಲ್ ಅಂಚು. ಇಷ್ಟನ್ನೂ ಹಿಡಿದಿಟ್ಟಿರುವುದು ಅಂಟು. ಬೋರ್ಡ್ ರಿಪೇರಿ ಅಂದರೆ ಮುಕ್ಕಾಲು ಪಾಲು ಅಂಟಿನ ಕೆಲಸವೇ.

ಅಟ್ಟದಲ್ಲಿ ಏನಾಯಿತು ಅಂತ ಊಹಿಸುವುದು ಕಷ್ಟವಲ್ಲ. ಮೂತಿಯಲ್ಲಿ ಎಲ್ಲೋ ಸಣ್ಣ ಬಿರುಕು ಮೊದಲೇ ಇತ್ತು. ಹಳೇ ಬೋರ್ಡ್‌ಗಳಲ್ಲಿ ಅದು ಮಾಮೂಲು, ಬೆಟ್ಟ ಹತ್ತಿಸುವ ಲಿಫ್ಟ್‌ಗೆ ನಿಂತ ಸಾಲಿನಲ್ಲಿ ಒಬ್ಬರ ಬೋರ್ಡ್ ಇನ್ನೊಬ್ಬರದ್ದಕ್ಕೆ ತಾಗುತ್ತಲೇ ಇರುತ್ತದೆ. ಆ ಬಿರುಕಿನಿಂದ ಹಿಮದ ನೀರು ಒಳಗೆ ಹೋಯಿತು. ರಾತ್ರಿ ಹೆಪ್ಪುಗಟ್ಟಿ ಹಿಗ್ಗಿತು, ಪದರ ಕೊಂಚ ಬಾಯಿ ಬಿಟ್ಟಿತು. ಉಳಿದದ್ದನ್ನು ಶೀಟ್ ಕೆಳಗಿನ ಬೇಸಿಗೆ ಮುಗಿಸಿತು. ಹೊರಗೆ 42 ಡಿಗ್ರಿ ಇದ್ದರೆ ಶೀಟ್‌ನ ಕೆಳಗೆ ಎಷ್ಟಿರುತ್ತೆ ಅಂತ ಬಳ್ಳಾರಿಯವರಿಗೆ ನಾನು ಹೇಳಬೇಕಾ? ಸ್ಟೀಲು, ಮರ, ಪ್ಲಾಸ್ಟಿಕ್ಕು ಮೂರೂ ಕಾವಿಗೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಒಂದನ್ನೊಂದು ಎಳೆದಾಡುತ್ತವೆ. ಅದೇ ಹೊತ್ತಿಗೆ ನಡುವಿನ ಅಂಟು ಕಾವಿಗೆ ಮೆತ್ತಗಾಗಿರುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೂ ಇದೇ ಕಥೆ.

ಕೆಲಸ ಶುರು ಮಾಡುವ ಮುಂಚೆ ಬೋರ್ಡ್ ಉಳಿಯುವಂಥದ್ದೇ ಅಂತ ನೋಡಿಕೊಳ್ಳಿ. ಬೂಟನ್ನು ಬೋರ್ಡ್‌ಗೆ ಬಿಗಿದಿಡುವ ಬೈಂಡಿಂಗ್ ಬಿಚ್ಚಿ ಪಕ್ಕಕ್ಕಿಡಿ. ಬಿಚ್ಚುವ ಮುಂಚೆ ಕೋನ, ಅಂತರ ಎಲ್ಲ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಬೋರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿದು ಮೇಲೂ ಕೆಳಗೂ ನೋಡಿ. ಬೈಂಡಿಂಗ್ ಕೂರುವ ಜಾಗದ ಆಸುಪಾಸಿನಲ್ಲಿ ಅಡ್ಡಲಾಗಿ, ಒಂದಂಚಿನಿಂದ ಇನ್ನೊಂದಂಚಿನವರೆಗೆ ಮಡಿಕೆ ಬಿದ್ದಂತೆ ಗೆರೆ ಇದ್ದರೆ ಒಳಗಿನ ಮರ ಮುರಿದಿದೆ. ಅಂಥ ಬೋರ್ಡನ್ನು ಮನೆಯಲ್ಲಿ ರಿಪೇರಿ ಮಾಡಬೇಡಿ, ಮಾಡಿದರೂ ಹತ್ತಬೇಡಿ. ಗೋಡೆಗೆ ನೇತುಹಾಕಿ. ಗೆರೆ ಇಲ್ಲ ಅಂದರೆ ಒಂದು ರೂಪಾಯಿ ನಾಣ್ಯ ತೆಗೆದುಕೊಂಡು ಮೂತಿಯಿಂದ ಹಿಂದಕ್ಕೆ ತಟ್ಟುತ್ತಾ ಬನ್ನಿ. ಗಟ್ಟಿ ಇರುವ ಕಡೆ ಟಕ್ ಅನ್ನುತ್ತೆ, ಬಿಟ್ಟಿರುವ ಕಡೆ ಟೊಳ್ಳು ಸದ್ದು. ಎಲ್ಲಿ ಸದ್ದು ಬದಲಾಗುತ್ತೋ ಅಲ್ಲಿ ಪೆನ್ಸಿಲ್‌ನಿಂದ ಗೆರೆ ಎಳೆಯಿರಿ. ಕಣ್ಣಿಗೆ ಕಾಣುವ ಬಾಯಿಗಿಂತ ಬಿಟ್ಟಿರುವ ಜಾಗ ಯಾವಾಗಲೂ ದೊಡ್ಡದಿರುತ್ತದೆ. ಟೊಳ್ಳು ಸದ್ದು ಒಂದು ಗೇಣಿಗಿಂತ ಉದ್ದ ಹೋಗಿ ಮುಂದಿನ ಕಾಲಿನ ಜಾಗವನ್ನು ಮುಟ್ಟಿದ್ದರೆ ನಾನಾಗಿದ್ದರೆ ಆಸೆ ಬಿಡುತ್ತಿದ್ದೆ. ಮೂತಿಯಲ್ಲೇ ನಿಂತಿದ್ದರೆ ಮುಂದುವರಿಸಿ.

ಈಗ ಒಣಗಿಸುವುದು. ಇದನ್ನು ಎಲ್ಲರೂ ಅವಸರದಲ್ಲಿ ಹಾರಿಸಿಬಿಡುತ್ತಾರೆ. ಒಳಗೆ ತೇವ ಇಟ್ಟು ಅಂಟು ಹಾಕಿದರೆ ಆ ತೇವ ಒಳಗೇ ಉಳಿದು ಮರವನ್ನು ಕೊಳೆಸುತ್ತದೆ. ಅಂಟೂ ಸರಿಯಾಗಿ ಹಿಡಿಯುವುದಿಲ್ಲ. ಬಾಯಿ ಬಿಟ್ಟ ಜಾಗಕ್ಕೆ ಐಸ್‌ಕ್ರೀಮ್ ಕಡ್ಡಿಯೊಂದನ್ನು ಮೆಲ್ಲಗೆ ತೂರಿಸಿ, ಗಾಳಿ ಆಡುವಷ್ಟು ತೆರೆದಿಡಿ. ಜೋರು ಮಾಡಿ ಎಬ್ಬಿಸಬೇಡಿ, ಗಟ್ಟಿ ಇರುವ ಪದರವೂ ಕಿತ್ತು ಬರುತ್ತೆ. ನೆರಳಿರುವ ಕೋಣೆಯಲ್ಲಿ ಫ್ಯಾನ್ ಕೆಳಗೆ ಮೂರು ನಾಲ್ಕು ದಿನ ಬಿಡಿ. ಗುಂಡಿಯಲ್ಲೂ ಅಷ್ಟೇ, ಮರ ಕಂಡರೆ ಬೆರಳಿಟ್ಟು ನೋಡಿ, ತಣ್ಣಗೆ ಅನ್ನಿಸಿದರೆ ಇನ್ನೂ ಹಸಿ ಇದೆ. ಬೇಸಿಗೆಯ ಒಣ ಗಾಳಿ ಇಲ್ಲಿ ನಿಮ್ಮ ಕಡೆಗಿದೆ. ಕಾಶ್ಮೀರದ ಚಳಿಗಾಲದಲ್ಲಿ ಈ ಒಣಗಿಸುವುದೇ ದೊಡ್ಡ ತಲೆನೋವು. ಬಿಸಿಲಿಗೆ ಮಾತ್ರ ಇಡಬೇಡಿ.

ಒಣಗುವಷ್ಟರಲ್ಲಿ ಆ ಫೆವಿಕ್ವಿಕ್ ತೆಗೆಯಬೇಕು. ಅದು ಗಟ್ಟಿಯಾದ ಮೇಲೆ ಗಾಜಿನ ಹಾಗೆ ಪೆಡಸು. ಬೋರ್ಡ್ ಬಾಗುತ್ತದೆ, ಅದು ಬಾಗುವುದಿಲ್ಲ, ಪಟ್ ಅಂತ ಬಿಡುತ್ತದೆ. ಅದರ ಮೇಲೇ ಬೇರೆ ಅಂಟು ಹಾಕಿದರೆ ನೀವು ಬೋರ್ಡ್‌ಗೆ ಅಂಟು ಹಾಕಿದಂತೆ ಆಗಲ್ಲ, ಫೆವಿಕ್ವಿಕ್‌ಗೆ ಹಾಕಿದಂತೆ. ಸಣ್ಣ ಉಪ್ಪುಕಾಗದ ಮಡಚಿ ಬಾಯಿಯೊಳಗೆ ತೂರಿಸಿ ಉಜ್ಜಿ ತೆಗೆಯಿರಿ. ಉಗುರು ಬಣ್ಣ ತೆಗೆಯುವ ಅಸಿಟೋನ್ ಸುರಿಯೋಣ ಅನ್ನಿಸುತ್ತೆ, ಬೇಡ. ಅಸಿಟೋನ್ ಎಬಿಎಸ್ ಸೈಡ್‌ವಾಲನ್ನೇ ಕರಗಿಸುತ್ತದೆ. ಉಜ್ಜಿದ ಪುಡಿಯನ್ನು ಊದಿ ತೆಗೆದು, ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಮತ್ತೆ ಆರಲು ಬಿಡಿ.

ಅಂಟು ಯಾವುದು? ಎರಡು ಟ್ಯೂಬ್ ಬರುವ ಎಪಾಕ್ಸಿ, ಅರಾಲ್ಡೈಟ್‌ನಂಥದ್ದು. ಕೌಲ್ ಬಜಾರ್‌ನಲ್ಲೋ ಬೆಂಗಳೂರು ರಸ್ತೆಯಲ್ಲೋ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತೆ. ಅದರಲ್ಲಿ ಐದು ನಿಮಿಷಕ್ಕೆ ಗಟ್ಟಿಯಾಗುವುದು ಬೇಡ. ನಿಧಾನವಾಗಿ, ರಾತ್ರಿಯೆಲ್ಲ ಹಿಡಿದು ಗಟ್ಟಿಯಾಗುವುದನ್ನೇ ಕೇಳಿ. ಬೇಗ ಆಗುವ ಎಪಾಕ್ಸಿ ಒಳಗೆ ಹರಿಯುವ ಮುಂಚೆಯೇ ಕಟ್ಟಿಬಿಡುತ್ತದೆ, ನೀರಿಗೂ ಅಷ್ಟು ತಡೆಯುವುದಿಲ್ಲ. ಫೆವಿಕಾಲ್ ಮರಗೆಲಸಕ್ಕೆ ಒಳ್ಳೆಯದು, ಫೈಬರ್‌ಗ್ಲಾಸ್‌ಗೆ ಅಲ್ಲ. ಎಂ-ಸೀಲ್ ಪೈಪಿಗೆ ಸರಿ. ಬಾಗುವ ವಸ್ತುವಿನ ಮೇಲೆ ಹಾಕಿದರೆ ಚೂರುಚೂರಾಗಿ ಉದುರುತ್ತದೆ.

ಇನ್ನೊಂದು ಮಾತು. ನಿಮ್ಮೂರಲ್ಲಿ ಕಾರಿನ ಬಂಪರ್, ನೀರಿನ ಟ್ಯಾಂಕ್‌ಗೆ ಫೈಬರ್ ಕೆಲಸ ಮಾಡುವವರು ಇರುತ್ತಾರೆ. ಫೈಬರ್ ಅಂದಮೇಲೆ ಅವರ ಹತ್ತಿರವೇ ಕೊಡೋಣ ಅಂತ ಅನ್ನಿಸುವುದು ಸಹಜ. ಅವರು ಸಾಮಾನ್ಯವಾಗಿ ಬಳಸುವುದು ಪಾಲಿಎಸ್ಟರ್ ರೆಸಿನ್, ಮೂಗಿಗೆ ಹೊಡೆಯುವ ವಾಸನೆ ಬರುತ್ತದಲ್ಲ, ಅದು. ಟ್ಯಾಂಕ್‌ಗೆ ಅದು ಸಾಕು. ಗಟ್ಟಿಯಾದ ಹಳೇ ಎಪಾಕ್ಸಿಯ ಮೇಲೆ ಅದು ಎಪಾಕ್ಸಿಯಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಅವರ ಹತ್ತಿರ ಒಂದಂಗೈ ಅಗಲ ಗ್ಲಾಸ್ ಬಟ್ಟೆ ಮಾತ್ರ ಕೇಳಿ ತನ್ನಿ, ಗುಂಡಿಯ ಕೆಲಸಕ್ಕೆ ಬೇಕಾಗಬಹುದು.

ಈಗ ಬಳ್ಳಾರಿಯ ಕಾವಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ರಿಪೇರಿಯ ಬಗ್ಗೆ ನೀವು ನೋಡುವ ವಿಡಿಯೋಗಳೆಲ್ಲ ಚಳಿ ದೇಶದವರು ಮಾಡಿದ್ದು. ಎಪಾಕ್ಸಿ ಕಲಸಿದ ಕೂಡಲೇ ಒಳಗೇ ಬಿಸಿ ಹುಟ್ಟಿಸಿಕೊಳ್ಳುತ್ತದೆ. ಹೊರಗಿನ ಕಾವು ಹತ್ತು ಡಿಗ್ರಿ ಏರಿದರೆ ಕೆಲಸ ಮಾಡಲು ಸಿಗುವ ಹೊತ್ತು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಪೊಟ್ಟಣದ ಮೇಲೆ 25 ಡಿಗ್ರಿಯಲ್ಲಿ ಒಂದು ಗಂಟೆ ಅಂತ ಬರೆದಿದ್ದರೆ 35ರಲ್ಲಿ ಅರ್ಧ ಗಂಟೆ, ಇನ್ನೂ ಹತ್ತು ಏರಿದರೆ ಕಾಲು ಗಂಟೆ. ಲೋಟದಲ್ಲಿ ಕಲಸಿ ಹಾಗೇ ಇಟ್ಟರೆ ಅದಕ್ಕಿಂತ ಬೇಗ ಕೈಕೊಡುತ್ತದೆ. ಗುಡ್ಡೆಯಾಗಿದ್ದಷ್ಟೂ ಅದರ ಬಿಸಿ ಹೊರಗೆ ಹೋಗದೆ ಲೋಟವೇ ಮುಟ್ಟಲಾಗದಷ್ಟು ಕಾಯುತ್ತದೆ. ಹಾಗಾಗಿ ಬೆಳಗಿನ ಜಾವ, ಐದು ಐದೂವರೆಗೆ ಎದ್ದು ಮಾಡಿ. ಕಲಸುವುದನ್ನು ಒಂದು ಹಳೇ ಟೈಲ್ಸ್ ತುಂಡಿನ ಮೇಲೆ ತೆಳ್ಳಗೆ ಹರಡಿ ಮಾಡಿ. ಬೇಗ ಆಗಲಿ ಅಂತ ಹಾರ್ಡನರ್ (ಅಂಟನ್ನು ಗಟ್ಟಿ ಮಾಡುವ ಟ್ಯೂಬಿನದ್ದು) ಜಾಸ್ತಿ ಹಾಕುವವರಿದ್ದಾರೆ. ಹಾಗೆ ಮಾಡಿದರೆ ಬೇಗ ಆಗುವುದಿಲ್ಲ, ರಬ್ಬರ್ ಥರ ಮೆತ್ತಗೆ ಉಳಿಯುತ್ತದೆ. ಪೊಟ್ಟಣದಲ್ಲಿ ಹೇಳಿದ ಅಳತೆಯೇ ಅಳತೆ. ಎರಡು ನಿಮಿಷ ಪೂರ್ತಿ ಕಲಸಿ.

ಕಾವಿನಿಂದ ಒಂದು ಲಾಭವೂ ಇದೆ. ಬೆಚ್ಚಗಿನ ಎಪಾಕ್ಸಿ ತೆಳ್ಳಗೆ ಹರಿಯುತ್ತದೆ, ಸಂದಿಯ ಕೊನೆಯವರೆಗೂ ಹೋಗುತ್ತದೆ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಸಿರಿಂಜ್ ತನ್ನಿ. ಸೂಜಿ ಬೇಡ, ದಪ್ಪ ಅಂಟು ಅದರಲ್ಲಿ ಇಳಿಯಲ್ಲ. ಬೋರ್ಡನ್ನು ಬಾಯಿ ಮೇಲಾಗುವಂತೆ ಓರೆಯಾಗಿ ನಿಲ್ಲಿಸಿ ಅಂಟು ಇಳಿಸಿ. ಹಳೇ ಎಟಿಎಂ ಕಾರ್ಡೋ ಅದರ ತುಂಡೋ ಬಳಸಿ ಒಳಗೆ ಹರಡಿ. ಪೆನ್ಸಿಲ್ ಗೆರೆಯವರೆಗೂ ಹೋಗಿದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ಫ್ಯಾನ್ ಆರಿಸಿರಿ, ಕಿಟಕಿ ತೆರೆದಿರಲಿ, ಆದರೆ ರಸ್ತೆ ಕಡೆಯದ್ದು ಬೇಡ. ಅದಿರು ಲಾರಿ ಓಡಾಡುವ ಕಡೆಯ ಕೆಂಪು ಧೂಳು ಹಸಿ ಅಂಟಿನ ಮೇಲೆ ಕೂತರೆ ಅಲ್ಲಿಗೆ ಹಿಡಿತ ಹೋಯಿತು. ಕೈಗೆ ಗ್ಲೌಸ್ ಹಾಕಿಕೊಳ್ಳಿ. ಎಪಾಕ್ಸಿ ಚರ್ಮಕ್ಕೆ ತಾಗುತ್ತಾ ಹೋದರೆ ಕೆಲವರಿಗೆ ತುರಿಕೆ ಶುರುವಾಗಿ ಜೀವಮಾನಪೂರ್ತಿ ಬಿಡುವುದಿಲ್ಲ.

ಬಿಗಿಯುವುದು ಹೇಗೆ? ಬಡಗಿಗಳ ಹತ್ತಿರ ಸಿ-ಕ್ಲ್ಯಾಂಪ್ ಇರುತ್ತೆ, ಎರಡು ಕೇಳಿ ತರಬಹುದು. ಆದರೆ ಮೂತಿ ಮೇಲಕ್ಕೆ ಬಾಗಿದೆ, ಚಪ್ಪಟೆ ಹಲಗೆ ಅದರ ಮೇಲೆ ಕೂರುವುದಿಲ್ಲ. ಅದಕ್ಕೆ ಪಂಕ್ಚರ್ ಅಂಗಡಿಗೆ ಹೋಗಿ ಹಳೇ ಸೈಕಲ್ ಟ್ಯೂಬ್ ಕೇಳಿ, ಸುಮ್ನೆ ಕೊಡುತ್ತಾರೆ. ಉದ್ದಕ್ಕೆ ಸೀಳಿ ಪಟ್ಟಿ ಮಾಡಿ. ಮೂತಿಗೆ ಮೊದಲು ತೊಳೆದು ಒಣಗಿಸಿದ ಹಾಲಿನ ಪ್ಯಾಕೆಟ್ ಕತ್ತರಿಸಿ ಸುತ್ತಿ. ಅದರ ಮೇಲೆ ಟ್ಯೂಬ್ ಪಟ್ಟಿಯನ್ನು ಎಳೆದು ಎಳೆದು, ಒಂದರ ಮೇಲೊಂದು ಅರ್ಧ ಕೂರುವಂತೆ ಸುತ್ತುತ್ತಾ ಹೋಗಿ. ಬಾಗು ಹೇಗೇ ಇರಲಿ, ಒತ್ತಡ ಎಲ್ಲ ಕಡೆ ಒಂದೇ ಥರ ಬೀಳುತ್ತದೆ. ಅಂಚಿನಿಂದ ಸ್ವಲ್ಪ ಅಂಟು ಹೊರಗೆ ಬಂದು ಮಣಿಯ ಹಾಗೆ ನಿಲ್ಲಬೇಕು. ಅಷ್ಟು ಬಂದರೆ ಸಾಕು. ಪೂರ್ತಿ ಹಿಂಡಿಬಿಟ್ಟರೆ ಒಳಗೆ ಹಿಡಿಯಲು ಅಂಟೇ ಉಳಿಯಲ್ಲ. ಒಂದು ದಿನ ಪೂರ್ತಿ ಮುಟ್ಟಬೇಡಿ. ಬಿಚ್ಚಿದ ಮೇಲೆ ಮತ್ತೆ ನಾಣ್ಯದಿಂದ ತಟ್ಟಿ ಕೇಳಿ.

ಮಾರನೇ ದಿನ ಹಾಲಿನ ಪ್ಯಾಕೆಟ್ ಸಲೀಸಾಗಿ ಕಳಚಿ ಬರುತ್ತೆ, ಗಮನಿಸಿ. ಎಪಾಕ್ಸಿ ಪಾಲಿಎಥಿಲೀನ್‌ಗೆ ಅಂಟುವುದಿಲ್ಲ. ನಿಮ್ಮ ಬೋರ್ಡ್‌ನ ಬೇಸ್ ಕೂಡ ಅದೇ ಜಾತಿಯದ್ದು. ಗುಂಡಿಯ ರಿಪೇರಿ ಯಾಕೆ ಕಿರಿಕಿರಿ ಅಂತ ಈಗ ಅಂದಾಜು ಸಿಕ್ಕಿತಲ್ವಾ? ಎಪಾಕ್ಸಿ ಬೇಸ್‌ಗೆ ಹಿಡಿಯಲ್ಲ. ಬೇಸ್ ತುಂಬಲು ಕರಗಿಸಿ ಬಳಸುವ ಪಿ-ಟೆಕ್ಸ್ ಅನ್ನುವ ಪ್ಲಾಸ್ಟಿಕ್ ಕಡ್ಡಿ ಫೈಬರ್‌ಗ್ಲಾಸ್‌ಗೂ ಸ್ಟೀಲ್‌ಗೂ ಹಿಡಿಯಲ್ಲ. ನಿಮ್ಮ ಗುಂಡಿಯಲ್ಲಿ ಮೂರೂ ಇವೆ. ತಳದಲ್ಲಿ ಫೈಬರ್, ಒಂದು ಪಕ್ಕ ಸ್ಟೀಲ್, ಉಳಿದ ಪಕ್ಕಗಳಲ್ಲಿ ಬೇಸ್.

ಬರೀ ಗೀರು, ತಳದಲ್ಲಿ ಬೇಸ್‌ನದ್ದೇ ಪ್ಲಾಸ್ಟಿಕ್ ಉಳಿದಿದೆ ಅನ್ನುವಂಥ ಕಡೆ ಪಿ-ಟೆಕ್ಸ್ ಕಡ್ಡಿ ಸಾಕು. ಕಡ್ಡಿ ಬಳ್ಳಾರಿಯಲ್ಲಿ ಸಿಗುವುದಿಲ್ಲ, ಆನ್‌ಲೈನ್‌ನಲ್ಲಿ ತರಿಸಬೇಕು. ಬೇಸ್ ಕಪ್ಪಗಿದ್ದರೆ ಕಪ್ಪು ಕಡ್ಡಿ, ಬಣ್ಣದ್ದಾದರೆ ಬಿಳಿ ಪಾರದರ್ಶಕ ಕಡ್ಡಿ. ಬದಲಿಗೆ ಬಕೆಟ್ ಚೂರು ಕರಗಿಸಬಹುದಾ ಅಂತ ಕೇಳುವವರು ಇದ್ದೇ ಇರುತ್ತಾರೆ. ಬಕೆಟ್, ಮಗ್ಗು, ಬೈಕಿನ ಪ್ಲಾಸ್ಟಿಕ್ ಹೆಚ್ಚಾಗಿ ಪಾಲಿಪ್ರೊಪಿಲೀನ್ ಅಥವಾ ಎಬಿಎಸ್. ಅವು ಪಾಲಿಎಥಿಲೀನ್ ಜೊತೆ ಬೆಸೆಯುವುದಿಲ್ಲ. ಮೊದಲ ಬಾಗಿಗೇ ಕಳಚಿಕೊಳ್ಳುತ್ತವೆ.

ಗೀರಿನ ಸುತ್ತ ಎದ್ದಿರುವ ಎಳೆಗಳನ್ನು ಹೊಸ ಬ್ಲೇಡಿನಿಂದ ಕೊಯ್ದು, ಸ್ಪಿರಿಟ್‌ನಿಂದ ಒರೆಸಿ. ಕಡ್ಡಿ ಹೊತ್ತಿಸಿದ ಕೂಡಲೇ ಬೋರ್ಡ್ ಮೇಲೆ ತರಬೇಡಿ. ಹಳೇ ಸ್ಟೀಲ್ ತಟ್ಟೆಯ ಮೇಲೆ ಹಿಡಿದು ಮೊದಲ ಹನಿಗಳನ್ನು ಬೀಳಲು ಬಿಡಿ. ಮೊದಲಿಗೆ ಹಳದಿ ಜ್ವಾಲೆ ಬರುತ್ತೆ, ಹೊಗೆ ಬರುತ್ತೆ, ಹನಿಯಲ್ಲಿ ಮಸಿ ಇರುತ್ತೆ. ಆ ಮಸಿ ಸೇರಿದ ಹನಿ ಗಟ್ಟಿಯಾಗಿ ಹಿಡಿಯುವುದಿಲ್ಲ. ಕಡ್ಡಿಯ ತುದಿಯನ್ನು ತಟ್ಟೆಗೆ ತೀರಾ ಹತ್ತಿರ ತಂದು ತಿರುಗಿಸುತ್ತಾ ಇರಿ. ಜ್ವಾಲೆ ಸಣ್ಣದಾಗಿ ನೀಲಿಗೆ ತಿರುಗುತ್ತದೆ, ಹನಿ ತಿಳಿಯಾಗುತ್ತದೆ. ಆಗ ಗೀರಿನ ಮೇಲೆ ತನ್ನಿ. ಬೇಸ್‌ನಿಂದ ಅರ್ಧ ಇಂಚಿಗಿಂತ ಎತ್ತರ ಹೋಗದಂತೆ ಹಿಡಿದು, ಹನಿಯ ಮೇಲೆ ಹನಿ ಬೀಳುವಂತೆ ನಡೆಸಿ. ಆರಿದಾಗ ಕುಗ್ಗುತ್ತದೆ, ಹಾಗಾಗಿ ಮಟ್ಟಕ್ಕಿಂತ ಸ್ವಲ್ಪ ಉಬ್ಬಿಸಿಯೇ ತುಂಬಿ. ಆಳದ ಗೀರಾದರೆ ಎರಡು ಸಲ, ನಡುವೆ ಆರಲು ಬಿಟ್ಟು. ಫ್ಯಾನ್ ಕೆಳಗೆ, ತಾರಸಿಯ ಗಾಳಿಯಲ್ಲಿ ಇದು ಆಗುವ ಕೆಲಸವಲ್ಲ. ಉರಿಯುವ ಹನಿ ಕೈಮೇಲೆ ಬಿದ್ದರೆ ಒರೆಸಿದರೂ ಬರುವುದಿಲ್ಲ, ಚರ್ಮಕ್ಕೇ ಕಚ್ಚುತ್ತದೆ. ಚಪ್ಪಲಿ ಬೇಡ, ಶೂ ಹಾಕಿಕೊಳ್ಳಿ. ಪಕ್ಕದಲ್ಲಿ ಒಂದು ಬಕೆಟ್ ನೀರಿರಲಿ.

ಆರಿದ ಮೇಲೆ ಉಬ್ಬನ್ನು ಸ್ಟೀಲ್ ಸ್ಕ್ರೇಪರ್‌ನಿಂದ ಒಂದೇ ದಿಕ್ಕಿಗೆ, ತೆಳು ಸಿಪ್ಪೆಯಾಗಿ ಹೆರೆಯಿರಿ. ಬಡಗಿಗಳು ಮೇಜಿನ ಮೇಲ್ಮೈ ಹೆರೆಯಲು ಬಳಸುವ ಸ್ಟೀಲ್ ಪಟ್ಟಿ ಸಾಕು. ಒಂದೇ ಸಲಕ್ಕೆ ಕೆತ್ತಲು ಹೋದರೆ ತುಂಬಿದ್ದೆಲ್ಲ ಎದ್ದು ಬರುತ್ತೆ. ಕೊನೆಗೆ 150 ನಂಬರ್ ಉಪ್ಪುಕಾಗದವನ್ನು ಮರದ ತುಂಡಿಗೆ ಸುತ್ತಿ, ಮೂತಿಯಿಂದ ಬಾಲದ ಕಡೆಗೆ ಉಜ್ಜಿ.

ನಿಮ್ಮ ಹೆಬ್ಬೆರಳಿನ ಗುಂಡಿಗೆ ಬರೀ ಕಡ್ಡಿ ಸಾಲದು, ತೇಪೆಯೇ ಬೇಕು. ಅದಕ್ಕೆಂದೇ ಬೇಸ್ ಹಾಳೆಯ ತುಂಡುಗಳು ಬರುತ್ತವೆ. ಅವುಗಳ ಒಂದು ಮುಖವನ್ನು ಕಾರ್ಖಾನೆಯಲ್ಲೇ ಜ್ವಾಲೆಗೆ ಒಡ್ಡಿ ಎಪಾಕ್ಸಿ ಹಿಡಿಯುವಂತೆ ಮಾಡಿರುತ್ತಾರೆ. ಮಂಕಾಗಿ ಒರಟಾಗಿರುವ ಮುಖ ಕೆಳಗೆ ಬರಬೇಕು. ನೀರಿನ ಡ್ರಮ್ ಕತ್ತರಿಸಿ ಹಾಕಿದರೆ ಈ ಗುಣ ಇರುವುದಿಲ್ಲ. ಗುಂಡಿಗಿಂತ ಕೊಂಚ ದೊಡ್ಡದಾಗಿ, ಮೂಲೆಗಳು ದುಂಡಗಿರುವಂತೆ ತೇಪೆ ಕತ್ತರಿಸಿ. ಚೂಪು ಮೂಲೆಯೇ ಮೊದಲು ಏಳುವುದು. ತೇಪೆಯನ್ನು ಗುಂಡಿಯ ಮೇಲಿಟ್ಟು ಟೇಪ್ ಹಾಕಿ, ಅದರ ಸುತ್ತ ಹೊಸ ಬ್ಲೇಡ್ ಆಡಿಸಿ ಬೇಸ್ ಕೊಯ್ಯಿರಿ. ಬ್ಲೇಡ್ ಬೇಸ್‌ನ ದಪ್ಪದಷ್ಟು ಮಾತ್ರ ಇಳಿಯಬೇಕು, ಫೈಬರ್ ಎಳೆ ತುಂಡಾಗಬಾರದು. ಒಳಗಿನ ಹಳೇ ಬೇಸ್ ಎಬ್ಬಿಸಿ ತೆಗೆದು, ತಳವನ್ನು ಉಪ್ಪುಕಾಗದದಿಂದ ಒರಟು ಮಾಡಿ, ಒರೆಸಿ. ಎಳೆಗಳು ಮೊದಲೇ ತುಂಡಾಗಿ ಮರ ಕಾಣುತ್ತಿದ್ದರೆ, ಫೈಬರ್ ಕೆಲಸದವರಿಂದ ತಂದ ಬಟ್ಟೆಯ ಚೂರನ್ನು ಎಪಾಕ್ಸಿಯಲ್ಲಿ ನೆನೆಸಿ ಅಲ್ಲಿ ಕೂರಿಸಿ. ಅದರ ಮೇಲೆ ಎಪಾಕ್ಸಿ ಸವರಿ ತೇಪೆ ಇಡಿ. ಮೇಲೆ ಹಾಲಿನ ಪ್ಯಾಕೆಟ್, ಅದರ ಮೇಲೆ ಚಪ್ಪಟೆ ಮರದ ತುಂಡು, ಆಮೇಲೆ ಸಿ-ಕ್ಲ್ಯಾಂಪ್. ಇಲ್ಲಿ ಟ್ಯೂಬ್ ಬೇಡ, ಮಟ್ಟಸ ಆಗಬೇಕು. ಹಾಗಂತ ಇಡೀ ಬೋರ್ಡನ್ನು ಮೇಜಿಗೆ ಒತ್ತಿ ಬಿಗಿಯಬೇಡಿ. ಅದಕ್ಕೆ ಅದರದೇ ಬಾಗು ಇದೆ. ಮಾರನೇ ದಿನ ತೇಪೆಯ ಸುತ್ತ ಕೂದಲೆಳೆಯಷ್ಟು ಸಂದಿ ಕಾಣುತ್ತೆ, ಅದಕ್ಕೆ ಪಿ-ಟೆಕ್ಸ್ ಹನಿ ಹಾಕಿ ಹೆರೆದರೆ ಆಯಿತು.

ತೇಪೆಯ ಹಾಳೆ ಸಿಗಲೇ ಇಲ್ಲ ಅಂದರೆ ಗುಂಡಿಯ ಪಕ್ಕಗಳನ್ನು ಒಳಮುಖವಾಗಿ ಓರೆ ಕೊಯ್ದು, ಅಂದರೆ ಬಾಯಿ ಕಿರಿದು ತಳ ಅಗಲ ಆಗುವಂತೆ ಮಾಡಿ, ಬರೀ ಎಪಾಕ್ಸಿ ತುಂಬಬಹುದು. ಅಂಟದಿದ್ದರೂ ಆಕಾರಕ್ಕೆ ಸಿಕ್ಕಿಕೊಂಡು ನಿಲ್ಲುತ್ತದೆ. ಹಿಮದ ಮೇಲೆ ಆ ಜಾಗ ಜಾರುವುದಿಲ್ಲ, ಜಾರಲೆಂದು ಬೇಸ್‌ಗೆ ಹಾಕುವ ಮೇಣವನ್ನು (ವ್ಯಾಕ್ಸ್) ಹೀರುವುದಿಲ್ಲ. ಆದರೆ ಮರಕ್ಕೆ ನೀರು ಹೋಗುವುದು ನಿಲ್ಲುತ್ತೆ. ಒಂದು ಸೀಸನ್‌ಗೆ ತಳ್ಳಬಹುದು.

ಇನ್ನು ಅಂಚು. ವೆಲ್ಡಿಂಗ್ ಕಿಡಿಯ ಕಾವು ಸಾವಿರಾರು ಡಿಗ್ರಿ. ಬೇಸ್ ಕರಗುವುದು 135 ಡಿಗ್ರಿಯ ಆಸುಪಾಸಿನಲ್ಲಿ, ಎಪಾಕ್ಸಿ ಅದಕ್ಕೂ ಎಷ್ಟೋ ಮುಂಚೆ ಮೆತ್ತಗಾಗುತ್ತದೆ. ಸ್ಟೀಲ್ ಕಾವನ್ನು ಉದ್ದಕ್ಕೂ ಒಯ್ಯುತ್ತದೆ. ಗೆಳೆಯರು ಎರಡು ಇಂಚು ಬೆಸುಗೆ ಹಾಕಿ ಮುಗಿಸುವಷ್ಟರಲ್ಲಿ ಒಂದಡಿ ಅಂಚು ಸಡಿಲವಾಗಿರುತ್ತದೆ. ಗ್ರೈಂಡರ್‌ನಲ್ಲೂ ಅದೇ. ಒಣ ಚಕ್ರದ ಕಾವಿಗೆ ಸ್ಟೀಲ್‌ನ ಹದವೂ ಹೋಗಬಹುದು. ಬೀದಿಯಲ್ಲಿ ಕತ್ತಿ ಕುಡಗೋಲಿಗೆ ಸಾಣೆ ಹಿಡಿಯುವವರ ಚಕ್ರಕ್ಕೂ ಕೊಡಬೇಡಿ.

ಎದ್ದಿರುವ ಕಡೆ ಅಂಚು ಪೂರ್ತಿ ತುಂಡಾಗಿದೆಯೋ, ಬರೀ ಬಾಗಿದೆಯೋ ನೋಡಿ. ಬಾಗಿದ್ದರೆ ಮರದ ತುಂಡು ಅಡ್ಡ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಜಾಗಕ್ಕೆ ತನ್ನಿ, ಹಿಂದೆ ಎಪಾಕ್ಸಿ ಇಳಿಸಿ ಬಿಗಿಯಿರಿ. ತೇಪೆ ಹಾಕುವ ದಿನವೇ ಇದನ್ನೂ ಮುಗಿಸಿಕೊಳ್ಳಬಹುದು. ಸಣ್ಣ ಬಿರುಕು ಬಿಟ್ಟಿದೆ, ಆದರೆ ಹೊರಗೆ ಚಾಚಿಲ್ಲ ಅಂದರೆ ಹಾಗೇ ಬಿಡಿ. ತುಂಡಾಗಿ ಕಳೆದೇ ಹೋಗಿದ್ದರೆ ಅದು ಅಂಗಡಿ ಕೆಲಸ, ಬೇರೆ ಅಂಚಿನ ತುಂಡು ಕೂರಿಸಬೇಕು.

ತುಕ್ಕಿನ ಬಗ್ಗೆ ಹೆದರಬೇಡಿ. ಮೊದಲು ಒದ್ದೆ ಬಟ್ಟೆಯಿಂದ ಒರೆಸಿ ನೋಡಿ, ನಿಮ್ಮ ಕಡೆ ಅರ್ಧ ತುಕ್ಕು ಸಂಡೂರಿನ ಧೂಳೇ ಆಗಿರುತ್ತೆ. ಉಳಿದದ್ದನ್ನು 400 ನಂಬರ್ ವಾಟರ್ ಪೇಪರ್‌ನಿಂದ ತೆಗೆಯಿರಿ. ಕಲ್ಲಿಗೆ ಬಡಿದ ಕಡೆ ಬೆರಳಾಡಿಸಿದರೆ ಚುಚ್ಚುವ ಮೊಳೆಯಂಥದ್ದು ಸಿಗುತ್ತೆ. ಅಲ್ಲಿಗೆ ನೇರವಾಗಿ ಅರ ಹಾಕಿದರೆ ಅರ ಜಾರುತ್ತದೆ, ಕಿರ್ ಅನ್ನುತ್ತದೆ, ಕಚ್ಚುವುದಿಲ್ಲ. ಕಲ್ಲಿನ ಪೆಟ್ಟಿಗೆ ಆ ಚುಕ್ಕೆಯಷ್ಟು ಸ್ಟೀಲ್ ಮಾತ್ರ ಉಳಿದ ಅಂಚಿಗಿಂತ ಗಡುಸಾಗಿರುತ್ತದೆ. ಅರ ಹಾಳಾಗುವುದೇ ಅಲ್ಲಿ. ಮೊದಲು ಸಾಣೆಕಲ್ಲನ್ನು ನೀರಿನಲ್ಲಿ ನೆನೆಸಿ ಆ ಚುಕ್ಕೆಯನ್ನಷ್ಟೇ ಉಜ್ಜಿ, ಕಿರ್ ಸದ್ದು ನಿಂತ ಮೇಲೆ ಅರ ಹಿಡಿಯಿರಿ. ಅರವನ್ನು ಮುಂದಕ್ಕೆ ಮಾತ್ರ ತಳ್ಳಿ, ಹಿಂದಕ್ಕೆ ಎಳೆಯುವಾಗ ಎತ್ತಿಬಿಡಿ. ಪಕ್ಕದ ಮುಖಕ್ಕೆ ಮಾತ್ರ ಅರ ಹಾಕಿ. ಕೋನ ತಪ್ಪದಿರಲು ಮಟ್ಟಸವಾದ ಮರದ ತುಂಡನ್ನು ಬೇಸ್‌ಗೆ ಆನಿಸಿ, ಅರವನ್ನು ಅದಕ್ಕೆ ಒರಗಿಸಿ ಹಿಡಿಯಿರಿ, 90 ಡಿಗ್ರಿ ಸಿಗುತ್ತೆ. ಹೊಸಬರಿಗೆ ಅಷ್ಟು ಚೂಪು ಸಾಕು. ಕೆಳಮುಖದ ಅಂಚಿಗೆ ಅರ ಮುಟ್ಟಿಸಲೇಬೇಡಿ. ಅಲ್ಲಿ ಸುಮಾರು ಒಂದು ಡಿಗ್ರಿಯ ಓರೆ ಇರುತ್ತದೆ, ಅದು ಹೋದರೆ ಬೋರ್ಡ್ ಪ್ರತಿ ತಿರುವಿನಲ್ಲೂ ಹಿಮಕ್ಕೆ ಸಿಕ್ಕಿ ನಿಮ್ಮನ್ನು ಕೆಡವುತ್ತದೆ.

ಎಲ್ಲ ಮುಗಿದ ಮೇಲೆ ವ್ಯಾಕ್ಸ್. ಮನೆಯ ಇಸ್ತ್ರಿ ಪೆಟ್ಟಿಗೆ ಮುಟ್ಟಬೇಡಿ, ಆಮೇಲೆ ಅದರಲ್ಲಿ ಬಟ್ಟೆ ಇಸ್ತ್ರಿ ಮಾಡಿದರೆ ಮನೆಯವರ ಬೈಗುಳ ನಿಮಗೇ. ಜೀನ್ಸ್ ಹೊಲಿಯುವ ಊರು ನಿಮ್ಮದು, ಹಳೇ ಇಸ್ತ್ರಿ ಪೆಟ್ಟಿಗೆ ಹುಡುಕುವುದು ಕಷ್ಟವಲ್ಲ. ಆವಿ ತೂತು ಇಲ್ಲದ್ದನ್ನೇ ತನ್ನಿ. ಕಾವನ್ನು ಕಡಿಮೆಯಿಂದ ಏರಿಸುತ್ತಾ ಹೋಗಿ, ವ್ಯಾಕ್ಸ್ ಕರಗಬೇಕು, ಹೊಗೆ ಬರಬಾರದು. 110ರಿಂದ 130 ಡಿಗ್ರಿ ಅಂದರೆ ಸರಿ. ಹತ್ತಿ ಬಟ್ಟೆಯ ಗುರುತಿಗೆ ತಿರುಗಿಸಿದರೆ ಬೇಸ್ ಸುಟ್ಟಂತೆಯೇ. ಪೆಟ್ಟಿಗೆ ಎಲ್ಲೂ ನಿಲ್ಲಬಾರದು, ಅದರಲ್ಲೂ ನಿಮ್ಮ ಹೊಸ ತೇಪೆಯ ಮೇಲೆ. ಮನೆಯಲ್ಲಿ ಗಟ್ಟಿಯಾದ ಎಪಾಕ್ಸಿ 60 ಡಿಗ್ರಿಯ ಆಸುಪಾಸಿಗೇ ಮೆತ್ತಗಾಗಲು ಶುರುಮಾಡುತ್ತದೆ. ಆ ಜಾಗದಲ್ಲಿ ಒಂದೇ ಸಲ ಬೇಗ ದಾಟಿಸಿ.

ಮುಂದಿನ ಚಳಿಗಾಲದವರೆಗೆ ಇಡುವುದಾದರೆ ವ್ಯಾಕ್ಸ್ ಹೆರೆಯದೆ ದಪ್ಪಗೆ ಹಾಗೇ ಬಿಡಿ, ಅಂಚಿನ ಮೇಲೂ ಬರಲಿ. ಬೇಸ್ ಬಿಳಿಚಿಕೊಳ್ಳುವುದಿಲ್ಲ, ತುಕ್ಕೂ ಬರುವುದಿಲ್ಲ. ಬರೀ ಇಡುವುದಕ್ಕೆ ಅಂಗಡಿಯ ಬಿಳಿ ಮೇಣದಬತ್ತಿಯೂ ನಡೆಯುತ್ತೆ, ಹಿಮಕ್ಕೆ ಹೋಗುವ ಮುಂಚೆ ಅದನ್ನು ಹೆರೆದು ಸರಿಯಾದ ವ್ಯಾಕ್ಸ್ ಹಾಕಿಕೊಳ್ಳಿ. ಅಟ್ಟಕ್ಕೆ ಮಾತ್ರ ವಾಪಸ್ ಹಾಕಬೇಡಿ. ಆರ್‌ಸಿಸಿ ಇರುವ ಕೋಣೆಯಲ್ಲಿ ಮಂಚದ ಕೆಳಗೆ, ಮೇಲೆ ಭಾರ ಇಲ್ಲದಂತೆ, ಹಳೇ ಬೆಡ್‌ಶೀಟ್ ಸುತ್ತಿ ಇಡಿ.

ಗುಲ್ಮಾರ್ಗ್‌ಗೆ ಮತ್ತೆ ಹೋದಾಗ ಮೊದಲ ದಿನ ಗೊಂಡೋಲಾದ (ರೋಪ್‌ವೇ) ಎರಡನೇ ಹಂತಕ್ಕೆ ಏರಬೇಡಿ. ಕೆಳಗಿನ ಹೊಸಬರ ಇಳಿಜಾರಿನಲ್ಲಿ ಒಂದೆರಡು ಗಂಟೆ ಆಡಿ, ಬೋರ್ಡ್ ಒರೆಸಿ, ತೇಪೆಯ ಅಂಚಿಗೂ ಮೂತಿಗೂ ಉಗುರು ಆಡಿಸಿ ನೋಡಿ. ಉಗುರು ಎಲ್ಲೂ ಸಿಕ್ಕದಿದ್ದರೆ ಮಾರನೇ ದಿನ ಮೇಲೆ ಹೋಗಬಹುದು. ಸಿಕ್ಕಿದರೆ ಅವತ್ತೇ ಅಲ್ಲಿನ ಸ್ಕೀ ಅಂಗಡಿಗೆ ಕೊಟ್ಟು, ಒಳಗೆ ಏನೇನು ಹಾಕಿದ್ದೀರಿ ಅಂತ ಅವರಿಗೆ ಬಿಡಿಸಿ ಹೇಳಿ.